ಕೈಗೆ ಕಟ್ಟಿದ ದಾರ

ನಮ್ಮಪ್ಪನ ಬಲಗೈಯಲ್ಲಿ ಎರಡು ಬೆರಳು ಮೊಂಡಾಗಿದ್ದವು. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಪವರ್ ಪ್ರೆಸ್ ಓಡಿಸುತ್ತಿದ್ದವರು ಅವರು. ಆ ಕೈಯಲ್ಲೇ ಅನ್ನ ಕಲಸಿ ನನಗೆ ತುತ್ತು ಕೊಡುತ್ತಿದ್ದರು. ಮಿಷನ್ ಇರುವ ಕಡೆ ನಮ್ಮ ಮನೆಯವರು ಇನ್ನು ಯಾರೂ ಕಾಲಿಡಬಾರದು ಅನ್ನುವುದು ಅವರ ಹಟ. ಹಾಗಾಗಿ ನಾನು ಬಿ.ಕಾಂ. ಮಾಡಿ, ಫ್ಯಾನಿನ ಕೆಳಗೆ ಕೂರುವ ಕೆಲಸ ಹಿಡಿದೆ. ಸ್ಟೇಪ್ಲರ್ ಪಿನ್ನು ಚುಚ್ಚಿದ್ದು ಬಿಟ್ಟರೆ ನನ್ನ ಕೈಗೆ ಏನೂ ಆಗಿಲ್ಲ.

ಇಂಥ ಮನೆಯಲ್ಲಿ ಹುಟ್ಟಿದ ನನ್ನ ಮಗಳು, ಪಿಯುಸಿಯಲ್ಲಿ ಒಳ್ಳೆಯ ಮಾರ್ಕ್ಸ್ ತೆಗೆದು, ಇಂಜಿನಿಯರಿಂಗ್ ಸೀಟೂ ಸಿಕ್ಕಿದ ಮೇಲೆ, ಅದು ಬೇಡ ಅಂದಳು. ಟೂಲ್ ರೂಮ್ ಡಿಪ್ಲೊಮಾ ಸೇರುತ್ತಾಳಂತೆ. ಕಬ್ಬಿಣ ಕಡೆಯುವ ಲೇಥ್ ಓಡಿಸುವುದು, ಅಚ್ಚು ಮಾಡುವುದು ಕಲಿಯುತ್ತಾಳಂತೆ.

"ಇಂಜಿನಿಯರಿಂಗಲ್ಲೂ ಮಿಷನ್ ಇರತ್ತಲ್ಲೇ" ಅಂದೆ.

"ಅಲ್ಲಿ ಬೋರ್ಡ್ ಮೇಲೆ ಇರತ್ತಮ್ಮ. ನಂಗೆ ಕೈಯಲ್ಲಿ ಮಾಡ್ಬೇಕು."

ಕೈಯಲ್ಲಿ!

ವಿಜಯನಗರದ ನಮ್ಮ ಪಕ್ಕದ ಮನೆಯಾಕೆ ಕೇಳಿದ್ದು ಒಂದೇ ಪ್ರಶ್ನೆ: "ಯಾಕೆ, ಮಾರ್ಕ್ಸ್ ಕಮ್ಮಿ ಬಂತಾ?" ಇಲ್ಲ ಅಂದರೂ ನಂಬಲಿಲ್ಲ. ಇನ್ನೊಂದು ಸಲ ಕೇಳಿದ್ದರೆ ಮಾರ್ಕ್ಸ್ ಕಾರ್ಡು ತಂದು ಮುಖಕ್ಕೆ ಹಿಡಿಯುತ್ತಿದ್ದೆ. ಆದರೆ ಜನ ಏನಂದುಕೊಳ್ಳುತ್ತಾರೋ ಅನ್ನುವುದು ನನ್ನ ಭಯವಲ್ಲ, ಅದಕ್ಕೆಲ್ಲ ನಾನು ಜಗ್ಗುವವಳೂ ಅಲ್ಲ. ನನ್ನ ಭಯ ಇದ್ದದ್ದು ಅವಳ ಬೆರಳುಗಳ ಬಗ್ಗೆ.

ಅವಳು ಸೇರಿಯೇಬಿಟ್ಟಳು. ಸಂಜೆ ಬಾಗಿಲು ತೆಗೆದರೆ ನಾನು ನೋಡುತ್ತಿದ್ದದ್ದು ಮುಖವನ್ನಲ್ಲ, ಕೈಗಳನ್ನು. "ಎಣಿಸ್ಕೋ, ಎಲ್ಲಾ ಇದೆ" ಅಂತ ರೇಗಿಸುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ. ಇಂಜಿನಿಯರಿಂಗ್ ಕಾಲೇಜಿನವರು ತಿಂಗಳ ಕೊನೆಯವರೆಗೆ ಸೀಟು ಇಟ್ಟಿರುತ್ತೇವೆ ಅಂದಿದ್ದರು. ಹೇಗಾದರೂ ಇವಳಿಗೆ ಸಾಕಾಗಿ ವಾಪಸ್ ಬಂದರೆ ಸಾಕಪ್ಪಾ ಅಂತ ದಿನಾ ಕೈಮುಗಿಯುತ್ತಿದ್ದೆ.

ಒಂದು ಸೋಮವಾರ ಬೆಳಿಗ್ಗೆ ದೇವಸ್ಥಾನಕ್ಕೆ ಹೋಗಿ, ಮಂತ್ರಿಸಿದ ಕಪ್ಪು ದಾರ ತಂದು ಅವಳ ಮಣಿಕಟ್ಟಿಗೆ ಕಟ್ಟಿದೆ.

"ಅಲ್ಲಿ ಕೈಗೇನೂ ಕಟ್ಕೊಂಡು ಬರ್ಬಾರ್ದು ಅಂದಿದಾರಮ್ಮ."

"ಬಳೆ ಬೇಡ ಅಂದ್ರು, ಬಿಚ್ಚಿಟ್ಟಾಯ್ತು. ಇದು ದೇವರದು. ನನ್ನಾಣೆ, ಬಿಚ್ಚಿದ್ರೆ ನೋಡು."

ಅಲ್ಲಿಗೆ ಮಾತು ಮುಗಿಯಿತು. ನಮ್ಮ ಮನೆಯಲ್ಲಿ ದೇವರಾಣೆಗಾದರೂ ಏನೋ ಒಂದು ವಿನಾಯಿತಿ ಸಿಗುತ್ತದೆ, ಅಮ್ಮನಾಣೆಗೆ ಸಿಗುವುದಿಲ್ಲ. ಅವಳು ದಾರವನ್ನು ಅಂಗಿಯ ತೋಳಿನೊಳಗೆ ತಳ್ಳಿಕೊಂಡು ಹೊರಟಳು.

ಎಷ್ಟೋ ದಿನದ ಮೇಲೆ ಆವತ್ತು ಆಫೀಸಿನಲ್ಲಿ ನೆಮ್ಮದಿಯಾಗಿ ಊಟ ಮಾಡಿದೆ. ಡಬ್ಬಿ ಮುಚ್ಚುತ್ತಿದ್ದಾಗ ಫೋನ್ ಬಂತು.

"ಮೇಡಂ, ಟ್ರೈನಿಂಗ್ ಸೆಂಟರಿಂದ. ಗಾಬರಿ ಆಗ್ಬೇಡಿ, ಸ್ವಲ್ಪ ಬೇಗ ಬನ್ನಿ."

ಗಾಬರಿಯಾಗಬೇಡಿ ಅನ್ನುವುದಕ್ಕಿಂತ ಗಾಬರಿ ಹುಟ್ಟಿಸುವ ಮಾತು ಇನ್ನೊಂದಿಲ್ಲ. ಏನಾಯಿತು ಅಂತ ಕೇಳುವಷ್ಟರಲ್ಲಿ ಲೈನ್ ಕಟ್ಟಾಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ. ಓಡಿಹೋಗಿ ಆಟೊ ಹತ್ತಿದೆ. ಕಾರ್ಡ್ ರೋಡಿನ ಸಿಗ್ನಲ್ಲುಗಳೆಲ್ಲ ನನಗಾಗಿಯೇ ಕೆಂಪಾಗಿದ್ದವು. "ಆಸ್ಪತ್ರೆಗೇನಮ್ಮಾ?" ಅಂದ ಆಟೊದವನು. ಬಲಗೈಯೋ ಎಡಗೈಯೋ ಅನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಎಡಗೈಯೇ ಆಗಿರಲಪ್ಪಾ ಅಂತ ಬೇಡಿಕೊಂಡೆ. ತಾಯಿಯಾದವಳು ಇಂಥದ್ದನ್ನೂ ಬೇಡಿಕೊಳ್ಳುತ್ತಾಳೆ ಅಂತ ನನಗೆ ಗೊತ್ತಾಗಿದ್ದು ಆವತ್ತೇ.

ಮಗಳು ವರ್ಕ್‌ಶಾಪಿನ ಗೋಡೆ ಪಕ್ಕ ಮುಖ ಊದಿಸಿಕೊಂಡು ನಿಂತಿದ್ದಳು. ಕೈಗಳೆರಡೂ ನೆಟ್ಟಗಿದ್ದವು. ಹಿಡಿದು, ತಿರುಗಿಸಿ ನೋಡಿ, ಅಲ್ಲೇ ಅತ್ತುಬಿಟ್ಟೆ.

ಫೋನ್ ಮಾಡಿದ್ದು ಅವಳಿಗೆ ಕಲಿಸುವ ಮೇಡಂ. ಹೆಚ್ಚುಕಮ್ಮಿ ನನ್ನ ವಯಸ್ಸು, ಕೋಪದಲ್ಲಿ ನನಗಿಂತ ಒಂದು ಕೈ ಮೇಲೆ. "ದಾರ ಮುಚ್ಕೊಂಡು ಲೇಥ್ ಓಡಿಸ್ತಿದ್ಲು. ನೋಡಿ ಆಫ್ ಮಾಡಿಸ್ದೆ. ಬಿಚ್ಚು ಅಂದ್ರೆ ಅಮ್ಮನ ಆಣೆ ಅಂತಾಳೆ."

"ಒಂದೆಳೆ ದಾರ ತಾನೇ ಮೇಡಂ?"

"ತಿರುಗೋ ಕಡೆ ಸಿಕ್ಕಿದ್ರೆ ದಾರ ಒಂದೇ ಹೋಗಲ್ಲಮ್ಮ, ಕೈನೂ ಎಳ್ಕೊಳ್ಳತ್ತೆ." ಅವಳ ಕೈಗೆ ಅಪಾಯವನ್ನು ಕಟ್ಟಿ ಕಳಿಸಿದವಳು ನಾನೇ. ಆಕೆ ಮುಂದುವರಿಸಿದರು, "ನೀವೇ ಬಿಚ್ಚಿ. ಇಲ್ಲಾಂದ್ರೆ ಮಗಳನ್ನ ಕರ್ಕೊಂಡ್ಹೋಗಿ."

ಕರೆದುಕೊಂಡು ಹೋಗಬಹುದಿತ್ತು. ತಿಂಗಳು ಇನ್ನೂ ಮುಗಿದಿರಲಿಲ್ಲ. ಬಾರೇ ಅಂದಿದ್ದರೆ ಬರುತ್ತಿದ್ದಳು, ಆಣೆಗೇ ಅಷ್ಟು ಬೆಲೆ ಕೊಟ್ಟವಳು. ಆದರೆ ಅವಳ ಕಣ್ಣು ನನ್ನ ಕಡೆ ಇರಲಿಲ್ಲ. ಲೇಥ್ ಮೇಲೆ ಕಬ್ಬಿಣದ ತುಂಡೊಂದು ಕೂತಿತ್ತು, ಒಂದು ಬದಿ ಆಗಲೇ ಹೊಳೆಯುತ್ತಿತ್ತು.

"ಅದು ನಂದಮ್ಮ" ಅಂದಳು. "ಬೆಳಿಗ್ಗೆಯಿಂದ ಮಾಡ್ತಾ ಇದೀನಿ."

ಗಂಟು ಬಿಚ್ಚಲು ಹೋದೆ, ನಾನೇ ಬಿಗಿಯಾಗಿ ಕಟ್ಟಿದ್ದೆ, ಬಿಚ್ಚಲಿಲ್ಲ. ಕತ್ತರಿ ಕೇಳಿ ಇಸಕೊಂಡು ಕತ್ತರಿಸಿದೆ. "ಆಣೆ ವಾಪಸ್ ತಗೊಂಡಿದೀನಿ, ಹೋಗು" ಅಂದೆ.

ನನ್ನನ್ನು ಹಳದಿ ಗೆರೆಯ ಈಚೆ ನಿಲ್ಲಿಸಿದರು. "ಮಿಷನ್ ಓಡೋವಾಗ ಕರೀಬೇಡಿ. ಯಾರು ಕರೆದ್ರೂ ತಿರುಗಬಾರ್ದು ಅಂತ ಹೇಳ್ಕೊಟ್ಟಿದೀವಿ" ಅಂದರು ಮೇಡಂ. ಮಗಳು ಕನ್ನಡಕ ಏರಿಸಿ ಹಸಿರು ಗುಂಡಿ ಒತ್ತಿದಳು. ಕಬ್ಬಿಣ ಗಿರ್ರನೆ ತಿರುಗಿತು. ಅವಳ ಬೆರಳುಗಳು ಅದರ ಹತ್ತಿರವೇ ಓಡಾಡುತ್ತಿದ್ದವು. ಎಷ್ಟು ತಡೆದುಕೊಂಡರೂ ಆಗದೆ, ಮಗುವಾಗಿದ್ದಾಗ ಕರೆಯುತ್ತಿದ್ದ ಮುದ್ದು ಹೆಸರು ಹಿಡಿದು ಕೂಗಿಬಿಟ್ಟೆ.

ಅವಳು ತಿರುಗಲಿಲ್ಲ.

ಆ ಸದ್ದಿನಲ್ಲಿ ಕೇಳಿಸಿರಲಿಕ್ಕಿಲ್ಲ ಅಂದುಕೊಂಡೆ. ಸಂಜೆ ಮನೆಯಲ್ಲಿ ತಟ್ಟೆ ಹಾಕುತ್ತಾ, ನಾನು ಕೂಗಿದ್ದು ಕೇಳಿಸ್ತೇನೇ ಅಂತ ಕೇಳಿದೆ.

"ಕೇಳಿಸ್ತಮ್ಮ" ಅಂದಳು. "ತಿರುಗ್ಬೇಕು ಅಂತ ತುಂಬಾ ಅನ್ನಿಸ್ತು."