ಎರಡು ಕಂಬದ ಬಿರುದು

ಆ ಕೆಲಸ ನನಗೆ ಬಂದದ್ದು ನನ್ನ ಗಂಡ ತೀರಿಕೊಂಡ ಎಂಟನೆಯ ತಿಂಗಳಲ್ಲಿ. ಮನೆಯಲ್ಲೇ ಕೂತು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡಿಕೊಡುವುದು ನನ್ನ ಕಸುಬು. ಔಷಧಿ ಡಬ್ಬಿಯೊಳಗಿನ ಚೀಟಿ, ಮಿಕ್ಸಿಯ ಜೊತೆ ಬರುವ ಪುಸ್ತಕ, ವಿಮೆಯ ಕರಾರು, ಏನು ಕಳಿಸಿದರೂ ಮಾಡುತ್ತೇನೆ. ಈ ಸಲ ಬಂದದ್ದು ಬ್ರಿಟಿಷ್ ರಾಜಮನೆತನದ ಒಬ್ಬ ಮಹಿಳೆಯ ವಿವರ. ಆಕೆಯ ಬದುಕಿನ ಕಥೆಯಲ್ಲ. ಆಕೆಗಿದ್ದ ಪದವಿಗಳು, ಗೌರವಗಳು, ಸೇನೆಯ ಪದಕಗಳು, ಇಷ್ಟರ ಪಟ್ಟಿ. ಹನ್ನೊಂದು ಪುಟದಲ್ಲಿ ಹುಡುಕಿದರೂ ಒಂದು ಕ್ರಿಯಾಪದ ಇರಲಿಲ್ಲ. ಯಾರೂ ಬರುವುದಿಲ್ಲ, ಹೋಗುವುದಿಲ್ಲ, ನಗುವುದಿಲ್ಲ. ನನಗೆ ಆಗ ಬೇಕಾಗಿದ್ದದ್ದೂ ಅಂಥದ್ದೇ. ಒಪ್ಪಿಕೊಂಡೆ.

ನಾವಿರುವುದು ಮೈಲಾಪುರದ ಹಳೆಯ ಫ್ಲಾಟೊಂದರ ಎರಡನೆಯ ಮಹಡಿಯಲ್ಲಿ. ನಾನು ಮೈಸೂರಿನ ಕಡೆಯವಳು. ನನ್ನ ಗಂಡನ ಮನೆತನ ಮೂರು ತಲೆಮಾರಿನಿಂದ ಮದ್ರಾಸಿನದು. ಅವರು ಮಣಲಿಯ ತೈಲ ಕಾರ್ಖಾನೆಯಲ್ಲಿ ಇಂಜಿನಿಯರಾಗಿದ್ದರು. ಒಂದು ಸಂಜೆ ಕಾರ್ಖಾನೆಯ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತವರು ತಮ್ಮ ಸ್ಟಾಪ್ ಬಂದಾಗ ಏಳಲಿಲ್ಲ. ಅಂದಿನಿಂದ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಬಂದವರೆಲ್ಲ ಬಾಯಿ ಬಿಟ್ಟು ಅತ್ತುಬಿಡು ಎಂದು ಬೆನ್ನು ಸವರಿದರು. ನಾನು ಅವರಿಗೆ ಕಾಫಿ ಮಾಡಿಕೊಟ್ಟೆ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ಕೆನ್ನೆ ಇದೆಯೆಂಬುದೇ ತಿಳಿಯುವುದಿಲ್ಲವಲ್ಲ, ಇಡೀ ಮೈ ಹಾಗಿತ್ತು.

ಯಾರು ಏನು ಕೇಳಿದರೂ ‘ಆಗಲಿ’ ಎನ್ನುತ್ತಿದ್ದೆ. ಮಗಳ ಮದುವೆ ಮೊದಲೇ ನಿಶ್ಚಯವಾಗಿತ್ತು. ವರ್ಷ ತುಂಬುವುದರೊಳಗೆ ಮಾಡಿಬಿಡಬೇಕು, ತಪ್ಪಿದರೆ ಮೂರು ವರ್ಷ ಕಾಯಬೇಕು ಎಂದರು. ಆಗಲಿ ಎಂದೆ. ಗಂಡನ ಅಣ್ಣ, ಅಂದರೆ ನನ್ನ ಭಾವ, ಮತ್ತು ಓರಗಿತ್ತಿ ಧಾರೆ ಎರೆದುಕೊಡುತ್ತಾರೆ ಎಂದರು. ಅದಕ್ಕೂ ಆಗಲಿ ಎಂದೆ. ಲಗ್ನಪತ್ರಿಕೆಯಲ್ಲಿ ನನ್ನ ಹೆಸರು ಹೇಗೆ ಬರುತ್ತದೆ ಎಂಬುದೊಂದು ಮಾತ್ರ ಬಾಕಿ ಇತ್ತು. ಅದನ್ನು ಯಾರೂ ನನ್ನ ಮುಂದೆ ಎತ್ತಿರಲಿಲ್ಲ, ನಾನೂ ಕೇಳಿರಲಿಲ್ಲ. ಆದರೆ ಬೆಳಿಗ್ಗೆ ಎದ್ದರೆ ಮೊದಲು ನೆನಪಾಗುತ್ತಿದ್ದದ್ದು ಅದೇ.

ಪಟ್ಟಿಯ ಕೆಲಸ ನಾನೆಣಿಸಿದಷ್ಟು ಸುಲಭದ್ದಲ್ಲ. ‘ಆರ್ಡರ್’ ಎಂದರೆ ಅಲ್ಲಿ ಆಜ್ಞೆಯೂ ಅಲ್ಲ, ಹೋಟೆಲಿನಲ್ಲಿ ದೋಸೆಗೆ ಕೊಡುವ ಆರ್ಡರೂ ಅಲ್ಲ. ದೊರೆಗಳು ತಮಗೆ ಬೇಕಾದವರನ್ನು ಸೇರಿಸಿಕೊಳ್ಳುವ ಗೌರವದ ಕೂಟ. ಒಂದೊಂದು ಕೂಟಕ್ಕೆ ಒಂದೊಂದು ಬಣ್ಣದ ಪಟ್ಟಿ, ಎದೆಗೆ ಚುಚ್ಚಿಕೊಳ್ಳಲು ಒಂದು ನಕ್ಷತ್ರ. ಒಂದು ಕೂಟದ ಹೆಸರೇ ಕಾಲುಪಟ್ಟಿ. ಗಂಡಸರು ಅದನ್ನು ಮೊಣಕಾಲಿನ ಕೆಳಗೆ ಕಟ್ಟಿಕೊಂಡರೆ ಹೆಂಗಸರು ಎಡತೋಳಿಗೆ ಕಟ್ಟಿಕೊಳ್ಳಬೇಕು. ಇನ್ನೊಂದು ಕೂಟದ ಹೆಸರು ಸ್ನಾನ. ಅವರಿದ್ದಿದ್ದರೆ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಅವರು ಪೇಪರಿನಿಂದ ತಲೆ ಎತ್ತದೆ, “ಸ್ನಾನದ ಆರ್ಡರು ನಮ್ಮನೇಲಿ ದಿನಾ ಬೆಳಿಗ್ಗೆ ನೀನೇ ಕೊಡ್ತೀಯಲ್ಲ” ಎನ್ನುತ್ತಿದ್ದರು. ಖಂಡಿತ ಅದನ್ನೇ ಎನ್ನುತ್ತಿದ್ದರು. ನಾನು ಮುಂದಿನ ಸಾಲಿಗೆ ಹೋದೆ.

ಮುಂದಿನ ಸಾಲುಗಳು ಸೈನ್ಯದವು. ಆಕೆ ಒಂದು ಗುಂಡನ್ನಾದರೂ ಹಾರಿಸಿದ್ದಳೋ ಇಲ್ಲವೋ, ಹಲವು ರೆಜಿಮೆಂಟುಗಳಿಗೆ ಗೌರವ ಕರ್ನಲ್. ಪಟ್ಟಾಭಿಷೇಕಕ್ಕೆ ಒಂದು ಪದಕ, ದೊರೆತನಕ್ಕೆ ಇಪ್ಪತ್ತೈದು ವರ್ಷ ತುಂಬಿದ್ದಕ್ಕೆ ಇನ್ನೊಂದು. ಯಾವ ಪದಕದ ಪಕ್ಕ ಯಾವುದು ಎಂಬುದಕ್ಕೂ ಕ್ರಮವಿದೆ, ಹಿಂದುಮುಂದಾಗುವ ಹಾಗಿಲ್ಲ. ನನ್ನ ಗಂಡ ಇಪ್ಪತ್ತೈದು ವರ್ಷ ಗಂಧಕದ ವಾಸನೆ ಕುಡಿದದ್ದಕ್ಕೆ ಒಂದು ಗೋಡೆ ಗಡಿಯಾರ ಬಂದಿತ್ತು. ಸುರಕ್ಷತಾ ಸಪ್ತಾಹದಲ್ಲಿ ಘೋಷಣೆ ಬರೆದದ್ದಕ್ಕೆ ಒಂದು ಸ್ಟೀಲಿನ ಡಬ್ಬಿ. ಡಬ್ಬಿಯಲ್ಲಿ ಈಗ ಸಾಸಿವೆ ಇಟ್ಟಿದ್ದೇನೆ. ಆಕೆಯ ಮೇಲೆ ನನಗೆ ಹೊಟ್ಟೆಕಿಚ್ಚೇನೂ ಆಗಲಿಲ್ಲ. ಹೊಟ್ಟೆಕಿಚ್ಚು ಪಡುವುದಕ್ಕೂ ಒಂದಿಷ್ಟು ಜೀವ ಬೇಕು.

ಪ್ರತಿ ಗೌರವದ ಎದುರಿಗೂ ಮೂರು ಕಾಲಮ್ಮು: ಯಾವಾಗ, ಯಾರು ಕೊಟ್ಟದ್ದು, ಯಾವ ಸೇವೆಗೆ. ನಾನು ಒಂದೊಂದಾಗಿ ತುಂಬುತ್ತ ಹೋದೆ.

ಏಳನೆಯ ಪುಟದಲ್ಲಿ ಆಕೆಯ ಹೆಸರುಗಳಿದ್ದವು. ಹುಟ್ಟಿದ ದಿನದಿಂದ ಮದುವೆಯ ದಿನದವರೆಗೆ ಒಂದು ಹೆಸರು. ಮದುವೆಯಿಂದ ಮುಂದೆ ಗಂಡನ ಪದವಿ ಸೇರಿದ ಹೆಸರು, ಡಚೆಸ್. ಅದು ಒಂದು ತಾರೀಖಿಗೆ ನಿಲ್ಲುತ್ತದೆ. ಅದೇ ತಾರೀಖಿನಿಂದ ಮುಂದಿನ ಸಾಲು: ಡೌವೇಜರ್ ಡಚೆಸ್. ಗಂಡ ಸತ್ತನೆಂದು ಎಲ್ಲೂ ಬರೆದಿರಲಿಲ್ಲ. ಒಂದು ಸಾಲು ಮುಗಿದು ಇನ್ನೊಂದು ಶುರುವಾಗಿತ್ತು, ಅಷ್ಟೆ. ಆ ದಿನ ಆಕೆ ಊಟ ಮಾಡಿದಳೋ ಇಲ್ಲವೋ, ಅದಕ್ಕೆ ಕಾಲಮ್ಮಿಲ್ಲ. ಡೌವೇಜರ್ ಎಂದರೆ ಗಂಡ ಹೋದ ಮೇಲೂ ಅವನ ಪದವಿಯನ್ನು ಉಳಿಸಿಕೊಂಡವಳು. ಅದಕ್ಕೆ ಕನ್ನಡದಲ್ಲಿ ಏನು ಬರೆಯುವುದು? ‘ವಿಧವೆ’ ಎಂದು ಹೊಡೆದೆ. ಅಳಿಸಿದೆ. ಆ ಜಾಗವನ್ನು ಖಾಲಿ ಬಿಟ್ಟು ಕೈ ತೊಳೆಯಲು ಎದ್ದೆ, ಕೈ ಕೊಳೆಯಾಗಿರಲಿಲ್ಲ.

ನನಗೂ ಬಿರುದುಗಳಿದ್ದವು. ಮದುವೆಯ ಪತ್ರಿಕೆಯಲ್ಲಿ ನಾನು ಚಿ||ಸೌ||. ಮದುವೆಯಾದ ಮೇಲೆ ನಮ್ಮಪ್ಪನ ಕಾಗದಗಳಲ್ಲಿ, ನೆಂಟರ ಮನೆಯ ಕರೆಯೋಲೆಗಳಲ್ಲಿ, ಸೌ||. ಸೌಭಾಗ್ಯವತಿ ಎಂದು ಉದ್ದಕ್ಕೆ ಬರೆಯುವ ಬದಲು ಒಂದಕ್ಷರ ಬರೆದು ಪಕ್ಕದಲ್ಲಿ ಎರಡು ಗೆರೆ ಎಳೆಯುವುದು ನಮ್ಮಲ್ಲಿ ರೂಢಿ. ನನ್ನ ಗಂಡನಿಗೆ ಆ ಎರಡು ಗೆರೆಯ ಮೇಲೆ ವಿಪರೀತ ತಮಾಷೆ. ಯಾವ ಕರೆಯೋಲೆ ಬಂದರೂ ನನ್ನ ಹೆಸರಿನ ಮೇಲೆ ಬೆರಳಿಟ್ಟು, “ನೋಡು, ನಿನ್ನ ಹೆಸರಿಗೆ ಎರಡು ಕಂಬ ಊರಿದೀವಿ. ನೀನಂತೂ ಬೀಳಲ್ಲ ಬಿಡು” ಎನ್ನುತ್ತಿದ್ದರು. ಕೇಳಿ ಕೇಳಿ ನನಗೆ ರೇಗುತ್ತಿತ್ತು. ಈಗ ರೇಗುವುದೂ ನಿಂತಿತ್ತು.

ಆ ಮಧ್ಯಾಹ್ನವೇ ಭಾವ ಬಂದರು. ಮಾಧವರಂನಿಂದ ಎರಡು ಬಸ್ಸು ಬದಲಾಯಿಸಿ, ಬೆವರಿ, ಕಂಕುಳಲ್ಲಿ ಲಗ್ನಪತ್ರಿಕೆಯ ಕರಡು ಹಿಡಿದುಕೊಂಡು. ಒಳ್ಳೆಯ ಮನುಷ್ಯ. ತಮ್ಮ ಸತ್ತ ದಿನ ಮಣಲಿಗೂ ಆಸ್ಪತ್ರೆಗೂ ಓಡಾಡಿದವರು ಅವರೇ.

“ನೋಡ್ಬಿಡಮ್ಮ, ಪ್ರೆಸ್ಸಿನವನು ನಾಳಿದ್ದಕ್ಕೇ ಅಚ್ಚು ಹಾಕ್ಬೇಕೂಂತಾನೆ” ಎಂದರು.

ಮೇಲೆ ಆಹ್ವಾನಿಸುವವರಾಗಿ ಭಾವ ಮತ್ತು ಓರಗಿತ್ತಿ. ಓರಗಿತ್ತಿಯ ಹೆಸರಿಗೆ ಸೌ||. ಕೆಳಗೆ ವಧು, ಆಮೇಲೆ ಅವಳ ತಂದೆತಾಯಿ. ತಂದೆಯ ಹೆಸರಿನ ಮುಂದೆ ದಿ||. ಅವರಿಗೂ ಎರಡು ಕಂಬ ಬಂದಿದ್ದವು. ನನ್ನ ಹೆಸರಿನ ಮುಂದೆ ಗಂ||ಭಾ||.

ಅದು ಹಳೆಯ ಕಾಗದಗಳಲ್ಲಿ ಗಂಡ ಸತ್ತ ಹೆಂಗಸಿಗೆ ಬರೆಯುತ್ತಿದ್ದ ಬಿರುದು. ಗಂಗಾ ಭಾಗೀರಥಿಗೆ ಸಮಾನಳು, ಅಷ್ಟು ಪವಿತ್ರಳು ಎಂದು ಅರ್ಥ. ಈಗ ಯಾರೂ ಅಚ್ಚು ಹಾಕಿಸುವುದಿಲ್ಲ. ಭಾವ ಅದನ್ನು ಅಟ್ಟದ ಪೆಟ್ಟಿಗೆಯಿಂದ ಹಿತ್ತಾಳೆ ಪಾತ್ರೆ ಇಳಿಸಿದ ಹಾಗೆ ಜತನವಾಗಿ ಇಳಿಸಿ ತಂದಿದ್ದರು.

“ಬರೀ ಹೆಸರು ಹಾಕಿದ್ರೆ ಮೊಟ್ಟೈಯಾ ಇರತ್ತಮ್ಮ” ಎಂದರು. “ನಾಲ್ಕು ಜನ ಹಿರಿಯರು ನೋಡ್ತಾರೆ. ಗಂಗೇಂತ ಬರೆಯೋದು ಮರ್ಯಾದೆ ತಾನೆ?”

ಮೊಟ್ಟೈ ಎಂದರೆ ತಮಿಳಿನಲ್ಲಿ ಬೋಳು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಇದೇ ಭಾವ ತಿರುಪತಿಯಿಂದ ಬಂದು “ಮೊಟ್ಟೈ ಹೊಡಕೊಂಡು ಬಂದೆ” ಎಂದದ್ದನ್ನು ಮೊಟ್ಟೆ ಎಂದು ಕೇಳಿಸಿಕೊಂಡು, ಈ ಮಡಿಯ ಮನೆಯಲ್ಲಿ ಎಂಥ ಮೊಟ್ಟೆಯಪ್ಪ ಎಂದು ಬೆಪ್ಪಾಗಿದ್ದೆ. ನನ್ನ ಗಂಡ ಅದನ್ನು ಹೇಳಿಕೊಂಡು ವರ್ಷಗಟ್ಟಲೆ ನಕ್ಕರು. ಈಗ ಮಾತು ಬಾಯಿಂದ ಬಿದ್ದ ಮೇಲೆ ಭಾವನಿಗೇ ಅದು ತಟ್ಟಿತು. ಹಿಂದೆ ಈ ಮನೆತನದಲ್ಲಿ ಗಂಡ ಸತ್ತವರ ತಲೆ ಬೋಳಿಸುತ್ತಿದ್ದರು. ಅವರ ಅಜ್ಜಿಗೇ ಮಾಡಿದ್ದರು. ಭಾವ ಕೆಮ್ಮಿ, ಒಂದು ಲೋಟ ನೀರು ಕೇಳಿದರು.

ನಾನು ನೀರು ತಂದುಕೊಟ್ಟು “ಆಗಲಿ ಭಾವ” ಎಂದೆ.

ಅವರು ಹೋದ ಮೇಲೆ ಮತ್ತೆ ಕಂಪ್ಯೂಟರಿನ ಮುಂದೆ ಕೂತೆ. ಕರಡು ಪಕ್ಕದಲ್ಲೇ ಬಿದ್ದಿತ್ತು. ಸಂಜೆಯೊಳಗೆ ಹನ್ನೊಂದು ಪುಟವನ್ನೂ ಮುಗಿಸಿ, ಒಮ್ಮೆಯೂ ತಿರುಗಿ ಓದದೆ ಕಳಿಸಿಬಿಟ್ಟೆ. ಇಷ್ಟು ವರ್ಷದಲ್ಲಿ ನಾನು ಹಾಗೆ ಮಾಡಿದವಳಲ್ಲ.

ಮಾರನೆಯ ಬೆಳಿಗ್ಗೆ ಅನುವಾದ ಪರಿಶೀಲಿಸುವ ಹುಡುಗಿಯಿಂದ ಮೇಲ್ ಬಂತು. ಬೆಂಗಳೂರಿನವಳು, ಚುರುಕು, ಒಂದು ಕೊಂಬು ದೀರ್ಘ ತಪ್ಪಿದರೂ ಬಿಡುವವಳಲ್ಲ. ಹೀಗೆ ಬರೆದಿದ್ದಳು: “ಮೇಡಂ, ಏಳನೇ ಪುಟದಲ್ಲಿ ಡಚೆಸ್ ಹೆಸರಿನ ಮುಂದೆ ಗಂ||ಭಾ|| ಅಂತ ಇದೆ. ಇದು ಯಾವ ಪದಕ? ಗ್ರ್ಯಾಂಡ್ ಕ್ರಾಸ್‌ಗೆ ನೀವು ಮಾಡಿಕೊಂಡ ಸಂಕ್ಷೇಪವಾ? ಪದಕಗಳ ಪಟ್ಟಿಯಲ್ಲಿ ಸಿಗಲಿಲ್ಲ. ಯಾರು ಕೊಟ್ಟಿದ್ದು, ಯಾವ ಸೇವೆಗೆ ಅಂತ ತಿಳಿಸಿದರೆ ನಾನೇ ಕಾಲಂ ತುಂಬುತ್ತೇನೆ.”

ಡೌವೇಜರ್ ಎಂಬಲ್ಲಿ ನನ್ನ ಕೈ ಅದನ್ನು ಹೊಡೆದಿತ್ತು. ಯಾವಾಗ ಹೊಡೆಯಿತೋ ನನಗೆ ಗೊತ್ತಿಲ್ಲ. ಬಕಿಂಗ್‌ಹ್ಯಾಮ್ ಅರಮನೆಯ ನೆಂಟಳಿಗೆ ನಾನು ಗಂಗಾ ಭಾಗೀರಥಿ ಬಿರುದು ದಯಪಾಲಿಸಿದ್ದೆ.

ಉತ್ತರ ಬರೆಯಲು ಹೋದೆ. ಯಾರು ಕೊಟ್ಟದ್ದು? ಭಾವ, ಅಚ್ಚಿನವನು, ನಾಲ್ಕು ಜನ ಹಿರಿಯರು. ಯಾವ ಸೇವೆಗೆ? ನನ್ನ ಗಂಡ ಸತ್ತರು, ನಾನು ಸಾಯಲಿಲ್ಲ. ಬೇರೆ ಯಾವ ಸೇವೆಯನ್ನೂ ನಾನು ಮಾಡಿರಲಿಲ್ಲ. ಸೌ|| ಎಂಬುದಕ್ಕಾದರೂ ಮೂವತ್ತು ವರ್ಷ ಬೆಳಿಗ್ಗೆ ಐದಕ್ಕೆ ಎದ್ದು ಡಬ್ಬಿ ಕಟ್ಟಿದ್ದೆ, ಜಗಳವಾಡಿದ್ದೆ, ಸ್ನಾನದ ಆರ್ಡರು ಕೊಟ್ಟಿದ್ದೆ. ಅದನ್ನು ಇಳಿಸಿದವರು ನನ್ನನ್ನು ಒಂದು ಮಾತು ಕೇಳಲಿಲ್ಲ.

“ಕೈತಪ್ಪು. ತೆಗೆದುಬಿಡಿ. ಡೌವೇಜರ್ ಅಂತಲೇ ಇರಲಿ” ಎಂದು ಬರೆದು ಕಳಿಸಿದೆ.

ಅಷ್ಟರಲ್ಲಿ ಬಾಗಿಲ ಬಳಿಯಿಂದ ಮಗಳು ಕೂಗಿದಳು, “ಅಮ್ಮಾ, ಗ್ಯಾಸ್ ವಂದಿರುಚ್ಚು! ಅಪ್ಪಾ ಫೋನ್ ಎಂಗ?” ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಬರುವುದು ತಮಿಳು. ಸಿಲಿಂಡರ್ ತಂದಾಗ ಕೊಡಬೇಕಾದ ನಂಬರು ಈಗಲೂ ಅವರ ಫೋನಿಗೇ ಬರುತ್ತದೆ. ಅದಕ್ಕಾಗಿಯೇ ಅದನ್ನು ಚಾರ್ಜ್ ಮಾಡಿ ಇಟ್ಟಿರುತ್ತೇವೆ. ಅವತ್ತು ಎಲ್ಲಿಟ್ಟಿದ್ದೆನೋ ನೆನಪಾಗಲಿಲ್ಲ.

“ರಿಂಗ್ ಪಣ್ಣಿ ಪಾರುಮ್ಮಾ” ಎಂದಳು.

ಎಂಟು ತಿಂಗಳಲ್ಲಿ ಅವರ ನಂಬರಿಗೆ ನಾನು ಫೋನ್ ಮಾಡಿರಲಿಲ್ಲ. ಮಾಡಿದೆ. ದೇವರಮನೆಯ ಪಕ್ಕದ ಕಪಾಟಿನಲ್ಲಿ, ಮಡಿಸಿಟ್ಟ ಟವೆಲುಗಳ ಕೆಳಗೆ ಅದು ಗುಂಯ್ ಎಂದಿತು. ಟವೆಲು ಎತ್ತಿದೆ. ಬೆಳಗಿದ ಪರದೆಯ ಮೇಲೆ ನನ್ನ ಹೆಸರಿರಲಿಲ್ಲ. ಸೌ|| ಎಂದಿತ್ತು.

ನಾನು ಕರೆದಾಗಲೆಲ್ಲ ಅವರಿಗೆ ಅದೇ ಕಾಣಿಸುತ್ತಿತ್ತು. ನನಗೆ ಗೊತ್ತೇ ಇರಲಿಲ್ಲ. ಫೋನಿನಲ್ಲಿ ಕನ್ನಡ ಹೊಡೆಯಲು ಅವರಿಗೆ ಸರಿಯಾಗಿ ಬರುತ್ತಿರಲಿಲ್ಲ. ಆ ಎರಡು ಗೆರೆಗಳನ್ನು ಎಷ್ಟು ಹೊತ್ತು ಹುಡುಕಿದ್ದರೋ. ಕೊನೆಯ ದಿನ ಅವರು ಬಸ್ಸಿನಲ್ಲಿದ್ದಾಗ, ಬರುವಾಗ ಕೊತ್ತಂಬರಿ ತನ್ನಿ ಎಂದು ಹೇಳಲು ಮೂರು ಸಲ ಮಾಡಿದ್ದೆ. ಮೂರು ಸಲವೂ ಅವರ ಜೇಬಿನಲ್ಲಿ ಅದೇ ಬೆಳಗಿರಬೇಕು.

ಮಗಳು ಬಂದು ಫೋನ್ ಇಸಕೊಂಡು ಹೋಗಿ, ನಂಬರು ಹೇಳಿ, ತಂದು ನನ್ನ ಕೈಗೆ ಕೊಟ್ಟಳು. ನಾನು ಅಲ್ಲೇ ನೆಲದ ಮೇಲೆ ಕೂತಿದ್ದೆ. ನನ್ನ ಫೋನಿನಿಂದ ಭಾವನಿಗೆ ಮಾಡಿದೆ.

“ಭಾವ, ಪತ್ರಿಕೆ ಅಚ್ಚಿಗೆ ಹೋಯ್ತಾ?”

“ಇಲ್ಲಮ್ಮ, ಸಾಯಂಕಾಲ ಕೊಡೋಣಾಂತಿದೀನಿ. ಯಾಕೆ?”

“ನನ್ನ ಹೆಸರಿನ ಮುಂದೆ ಇರೋ ಗಂ ಭಾ ತೆಗೆಸಿಬಿಡಿ.”

ನಾನು ಹೀಗೆ ಏನನ್ನಾದರೂ ಬೇಡವೆಂದದ್ದು ಅವರಿಗೆ ಹೊಸದು. “ಮತ್ತೇನ್ ಹಾಕೋದಮ್ಮ? ಸೌ ಅಂತ ಹಾಕಕ್ಕಾಗಲ್ಲ, ಜನ ಏನಂತಾರೆ?”

“ಹಾಕ್ಬೇಡಿ. ಅದು ಅಚ್ಚು ಹಾಕಿಸೋದಲ್ಲ.” ಅವರ ಫೋನು ನನ್ನ ಮಡಿಲಲ್ಲಿತ್ತು. ಪರದೆಯ ಮೇಲೆ ಸೌ||, ಮಿಸ್ಡ್ ಕಾಲ್ ಎಂದು ಇನ್ನೂ ಕಾಣುತ್ತಿತ್ತು. “ಏನೂ ಬೇಡ. ಬರೀ ಹೆಸರಿರಲಿ.”

“ಹಾಗಲ್ಲಮ್ಮ. ಎಲ್ಲಾರ ಹೆಸರಿಗೂ ಮುಂದೆ ಒಂದೊಂದಿದೆ. ನಿನ್ನದೊಂದಕ್ಕೆ ಜಾಗ ಕಾಲಿ ಬಿಟ್ರೆ...” ಈ ಸಲ ಅವರು ಆ ಮಾತನ್ನು ಬಾಯಿಗೆ ತರಲಿಲ್ಲ. “ನೋಡಕ್ಕೆ ಒಂಥರಾ ಇರತ್ತೆ.”

“ಮೊಟ್ಟೈಯಾಗೇ ಇರ್ಲಿ, ಭಾವ” ಎಂದೆ. “ಆ ಜಾಗ ಅವರದು. ಬೇರೆ ಏನನ್ನೂ ತುಂಬಬೇಡಿ.”

ಆ ಕಡೆಯಿಂದ ಭಾವ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. “ಆಗಲಿ ಅಮ್ಮ” ಎಂದರು.

ಆಗ ನನಗೆ ಅಳು ಬಂತು. ಅಡುಗೆಮನೆಯಲ್ಲಿ ಸಿಲಿಂಡರ್ ಉರುಳಿಸುತ್ತಿದ್ದ ಮಗಳು ಓಡಿಬಂದು, ಏನಾಯ್ತಮ್ಮ ಎಂದು ಕನ್ನಡದಲ್ಲೇ ಕೇಳಿದಳು.