ಹಿತ್ತಲಲ್ಲಿ ಅಣಬೆ ಹಾಕಿದ ಸುತ್ತು

ತೆಂಗಿನಕಾಯಿ ಅಂಗೈಯಲ್ಲಿಟ್ಟು ನೀರಿನ ಜಾಗ ತೋರಿಸುವವರನ್ನು ನಾನು ಎಂದೂ ನಂಬಿದವನಲ್ಲ. ಸಣ್ಣವನಿದ್ದಾಗಲೇ ಸಾಲೆ ಬಿಟ್ಟು ಹಾರೆ ಹಿಡಿದವನು. ಭಾಲ್ಕಿ, ಔರಾದ ಎರಡೂ ಕಡೆ ನಾನು ತೋಡಿದ ಬಾವಿಗಳಿವೆ, ಒಂದೂ ಕುಸಿದಿಲ್ಲ. ಈಗ ಹೇಳುವುದನ್ನು ಬೇರೆಯವರು ಹೇಳಿದ್ದರೆ ನಾನೇ ನಗುತ್ತಿದ್ದೆ.

ನಮ್ಮ ಕೇರಿಯವರ ಬಾಳು ಹಾಗಿತ್ತು: ನೀರು ಬೀಳುವವರೆಗೆ ಬಾವಿಯೊಳಗೆ ನಾವು, ಗಂಗಾಪೂಜೆ ಆದ ಮೇಲೆ ಅದರ ಕಟ್ಟೆಯನ್ನೂ ಮುಟ್ಟುವಂತಿಲ್ಲ. ನಾನೇ ತೋಡಿದ ಊರ ಬಾವಿಯ ಹತ್ತಿರ ನನ್ನ ಹೆಂಡತಿ ಕೊಡ ಕೆಳಗಿಟ್ಟು, ದೊಡ್ಡ ಮನೆಯವರು ಯಾರಾದರೂ ಮೇಲಿಂದ ಸುರಿಯಲಿ ಎಂದು ಕಾಯುತ್ತಿದ್ದಳು. ಅದನ್ನು ನೋಡಲಾರದೆ ಹಿತ್ತಲಲ್ಲಿ ನನ್ನದೇ ಬಾವಿಗೆ ಕೈ ಹಾಕಿದೆ. ಬೇವಿನ ಮರದ ಮೂಲೆಯಲ್ಲಿ ಬರೀ ಬಂಡೆ ಸಿಕ್ಕಿತು. ಸೋತು, ಅಳತೆಯ ಹಗ್ಗವನ್ನು ಜಂತಿಗೆ ತೂಗುಹಾಕಿದೆ.

ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಮಳೆಗಾಲ. ಜಿಟಿಜಿಟಿ ಮಳೆ ಹಿಡಿದಿತ್ತು. ಒಂದು ಬೆಳಿಗ್ಗೆ ಹೆಂಡತಿ ಹಿತ್ತಲಿನ ಇನ್ನೊಂದು ಮೂಲೆಯಿಂದ ಕೂಗಿದಳು.

"ಇಲ್ಲಿ ಬಂದು ನೋಡ್ರಿ. ಅಣಬಿ ಪಂಗತಿ ಕುಂತಾವ."

ಹಿಂದಿನ ಸಂಜೆ ಅವಳೇ ಗುಡಿಸಿದ್ದ ಬರಿ ನೆಲದಲ್ಲಿ ಬಿಳಿ ಅಣಬೆಗಳು ಒಂದಕ್ಕೊಂದು ತಾಗಿ ದುಂಡಗೆ ಎದ್ದಿದ್ದವು. ನಡುವೆ ಒಂದೂ ಇಲ್ಲ. ಸಾರಿಗಾದವು ಎಂದು ಬುಟ್ಟಿ ತಂದೆ.

ಕಣ್ಣು ಕಾಣದ ನಮ್ಮವ್ವ ಬಾಗಿಲಲ್ಲಿ ಕೂತಿದ್ದಳು. "ಹ್ಯಾಂಗ ಎದ್ದಾವ ತಮ್ಮಾ?"

"ಗೋಲಾಗಿ, ಅವ್ವ."

"ಅಗಲ ಎಷ್ಟದ?"

"ಅಣಬಿಗೂ ಅಳತಿ ತಗೋಬೇಕೇನು?"

"ತಗೋ. ಊರವರ ಬಾವಿಗೆಲ್ಲ ತಗೊಂಡಿ, ನಿನ್ನ ಮನಿದು ಭಾರ ಆಯ್ತೇನು?"

ಸಿಟ್ಟಿನಲ್ಲೇ ಹಗ್ಗ ತಂದೆ. ಬಾವಿಯ ಸುತ್ತು ಬರೆಯಲು ನಾನು ನಡುವೆ ಗೂಟ ಬಡಿದು, ಹಗ್ಗದಲ್ಲಿ ಬಾವಿಯ ಅಳತೆಗೆ ಹಾಕಿದ ಗಂಟು ಹಿಡಿದು ತಿರುಗುತ್ತೇನೆ. ಬಡಿಯಲು ಬಗ್ಗಿದರೆ ಅಲ್ಲಿ ಆಗಲೇ ಗೂಟ ಕಿತ್ತಂಥ ತೂತು. ಅದರಲ್ಲೇ ಗೂಟ ಇಳಿಸಿ ಹಗ್ಗ ಎಳೆದು ಸುತ್ತು ಬಂದೆ. ಗಂಟು ಒಂದೊಂದು ಅಣಬೆಯ ತಲೆಯನ್ನೂ ಸವರಿಕೊಂಡು ಹೋಯಿತು.

"ಸಾರು ಬ್ಯಾಡ್ರಿ," ಎಂದು ಹೆಂಡತಿ ಮೆಲ್ಲಗೆ ಬುಟ್ಟಿ ಒಳಗಿಟ್ಟಳು.

ಅಲ್ಲೇ ತೋಡಿದೆ. ನೀರು ಬಿತ್ತು. ಮಳೆಗಾಲದ ನೀರು, ಬೇಸಿಗೆಗೆ ನೋಡೋಣ ಎಂದು ಊರವರು ಆಡಿಕೊಂಡರು. ಬೇಸಿಗೆಯೂ ಬಂತು. ಊರ ಬಾವಿ ತಳ ಕಂಡಿತು. ನನ್ನ ಬಾವಿಯಲ್ಲಿ ಕೊಡ ಮುಳುಗುತ್ತಿತ್ತು. ಆಗ ದೊಡ್ಡ ಮನೆಯ ಹೆಂಗಸೊಬ್ಬಳು ನಮ್ಮ ಹಿತ್ತಲಿಗೆ ಬಂದು, ದೂರ ನಿಂತು, ಕೊಡ ಕೆಳಗಿಟ್ಟಳು. ನನ್ನ ಹೆಂಡತಿ ಸೇದುವ ಹಗ್ಗವನ್ನು ಅವಳ ಕೈಗೇ ಕೊಟ್ಟಳು.

"ಕಾಯೂದ್ಯಾಕ್ರಿ ಅಕ್ಕಾರ? ಬರ್ರಿ, ನೀವೇ ಸೇದ್ಕೋರಿ."

ಆ ತೂತು ಯಾರು ಮಾಡಿದರು, ನನ್ನ ಹಗ್ಗದ ಅಳತೆ ಅಣಬೆಗೆ ಹೇಗೆ ತಿಳಿಯಿತು, ನನಗೆ ಇವತ್ತಿಗೂ ಗೊತ್ತಾಗಿಲ್ಲ. ಅಲ್ಲಿ ಮತ್ತೆ ಅಣಬೆ ಏಳಲಿಲ್ಲ. ಬಾವಿ ಇದೆ. ಅದರ ಕಟ್ಟೆಯ ಮೇಲೆ ಯಾರು ಬೇಕಾದರೂ ಕೂರಬಹುದು.