ತಂಗಿಗೆ ಕೊಟ್ಟ ಕೋಣೆ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಭೌತಶಾಸ್ತ್ರದ ಸಂಶೋಧನೆಗೆಂದು ಮೈಸೂರಿನ ಮನೆಗಳಲ್ಲಿ ಸಣ್ಣ ಪ್ಲಾಸ್ಟಿಕ್ ಡಬ್ಬಿಗಳನ್ನು ನೇತುಹಾಕುತ್ತಿದ್ದೆ. ಡಬ್ಬಿಯೊಳಗೆ ಒಂದು ಚೂರು ಫಿಲ್ಮು. ನೆಲದಡಿಯ ಕಲ್ಲುಮಣ್ಣಿನಿಂದ ರೇಡಾನ್ ಎಂಬ, ವಿಕಿರಣ ಸೂಸುವ ಅನಿಲ ಮೇಲೇಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯಾಡದ ಕೋಣೆಯಲ್ಲಿ ಅದು ಕೂಡಿಕೊಂಡರೆ, ವರ್ಷಗಟ್ಟಲೆ ಅದನ್ನೇ ಉಸಿರಾಡಿದವರಿಗೆ ಶ್ವಾಸಕೋಶದ ಕ್ಯಾನ್ಸರ್ ಬರುವ ಸಂಭವ ಹೆಚ್ಚು. ಕೆಲವು ತಿಂಗಳಾದ ಮೇಲೆ ಫಿಲ್ಮನ್ನು ತಂದು, ರಾಸಾಯನಿಕದಲ್ಲಿ ತೊಳೆದು, ವಿಕಿರಣ ಅದರ ಮೇಲೆ ಬಿಟ್ಟ ಗುರುತುಗಳನ್ನು ಎಣಿಸಿದರೆ ಅನಿಲ ಎಷ್ಟಿದೆಯೆಂದು ತಿಳಿಯುತ್ತಿತ್ತು.

ಸಿದ್ಧಾರ್ಥನಗರದ ಒಂದು ಮನೆಗೂ ಹೋಗುತ್ತಿದ್ದೆ. ಯಜಮಾನರು ಅಕ್ಕಿ ಮಂಡಿಯನ್ನು ಮಗನಿಗೆ ಒಪ್ಪಿಸಿ ಮನೆಯಲ್ಲೇ ಇರುತ್ತಿದ್ದರು. ಹೆಂಡತಿ ತೀರಿಕೊಂಡಿದ್ದರು. ಮಗ, ಸೊಸೆಯ ಜೊತೆಗೆ ಯಜಮಾನರ ತಂಗಿಯೂ ಅಲ್ಲಿದ್ದರು. ಮದುವೆಯಾದ ಸ್ವಲ್ಪ ಕಾಲಕ್ಕೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆ ಸೇರಿದವರು. ಅಡುಗೆಯೆಲ್ಲ ಅವರದೇ. ಮಲಗುವುದು ಹಜಾರದ ಮೂಲೆಯಲ್ಲಿ, ಚಾಪೆಯ ಮೇಲೆ. ಯಜಮಾನರು ಮಲಗುತ್ತಿದ್ದದ್ದು ಹಿಂಬದಿಯ ಕೋಣೆಯಲ್ಲಿ. ಅದಕ್ಕೆ ಕಲ್ಲುಚಪ್ಪಡಿಯ ನೆಲ, ಕಿಟಕಿಯಿಲ್ಲ, ಬೇಸಿಗೆಯಲ್ಲೂ ತಂಪು. ಬಾಗಿಲು ಹಾಕಿಕೊಂಡು ಒಂದರ ಹಿಂದೊಂದು ಸಿಗರೇಟು ಸೇದುತ್ತಿದ್ದರು.

ಆ ಕೋಣೆಯಲ್ಲಿ ಅನಿಲ ಇರಬೇಕಾದ್ದಕ್ಕಿಂತ ಬಹಳ ಹೆಚ್ಚಿತ್ತು. ಗೋಡೆ ಒಡೆಸಿ ಕಿಟಕಿ ಇಡಿಸಿ, ಚಪ್ಪಡಿಯ ಸಂದುಗಳಿಗೆ ಸಿಮೆಂಟು ತುಂಬಿಸಿ, ಗಾಳಿಯನ್ನು ಹೊರಗೆ ತಳ್ಳುವ ಫ್ಯಾನು ಹಾಕಿಸಿ ಎಂದೆ. ಹೊಗೆಯೂ ಈ ಅನಿಲವೂ ಸೇರಿದರೆ ಅಪಾಯ ಇನ್ನೂ ಜಾಸ್ತಿ, ಮೊದಲು ಸಿಗರೇಟು ಬಿಡಿ ಎಂದೂ ಹೇಳಿದೆ. ಯಜಮಾನರು ಎಲ್ಲವನ್ನೂ ಗಮನವಿಟ್ಟು ಕೇಳಿದರು. ಸಿಗರೇಟಿನ ಮಾತಿಗೆ ಮಾತ್ರ ಮುಖ ತಿರುಗಿಸಿದರು.

ಮುಂದಿನ ಸಲ ಹೋದಾಗ ಆ ಕೋಣೆಯಲ್ಲಿ ತಂಗಿಯ ಚಾಪೆ, ಟ್ರಂಕು, ಗೋಡೆಯ ಮೇಲೊಂದು ಶಿವನ ಪಟ ಇದ್ದವು. ಹೊಸ್ತಿಲಿಗೆ ರಂಗೋಲಿ ಎಳೆದಿದ್ದರು. ಕಿಟಕಿ ಮಾತ್ರ ಬಂದಿರಲಿಲ್ಲ.

"ಬಾಗ್ಲಿರೋ ರೂಮು ನಂಗೆ ಇದೇ ಮೊದ್ಲು ಕಣಮ್ಮ," ಎಂದು ನನ್ನ ಕೈ ಹಿಡಿದುಕೊಂಡರು. "ಅಣ್ಣ ತಾನಾಗೇ ಕೊಟ್ಬುಟ್ಟ."

ಯಜಮಾನರು ತಮ್ಮ ಹಾಸಿಗೆಯನ್ನು ಮಹಡಿಗೆ ಸಾಗಿಸಿದ್ದರು. ನಾನು ಮೇಲೆ ಹೋಗಿ ಅವರನ್ನು ಕೇಳಿದೆ. ಗೋಡೆ ಒಡೆದರೆ ಮನೆಯ ಅಂದ ಕೆಡುತ್ತದೆ, ಕೋಣೆಯನ್ನು ಖಾಲಿ ಬಿಡುವುದಕ್ಕೂ ಆಗುವುದಿಲ್ಲ ಎಂದರು. ನಿಮ್ಮ ತಂಗಿಯೂ ಅದೇ ಗಾಳಿ ಕುಡಿಯಬೇಕಲ್ಲ ಎಂದೆ.

"ಅವಳಿಗೇನು ಗಂಡನಾ, ಮಕ್ಕಳಾ? ಇದ್ದು ಏನ್ ಮಾಡ್ಬೇಕಾಗಿದೆ ಹೇಳಮ್ಮ."

ಕಾಫಿ ಹಿಡಿದು ಬಂದ ತಂಗಿ ಬಾಗಿಲಲ್ಲೇ ನಿಂತಿದ್ದರು. ಲೋಟಗಳನ್ನು ಮೇಜಿನ ಮೇಲಿಟ್ಟು ಕೆಳಗಿಳಿದು ಹೋದರು. ನಾನೂ ಹಿಂದೆಯೇ ಹೋಗಿ ಅನಿಲದ ವಿಷಯವನ್ನೆಲ್ಲ ಬಿಡಿಸಿ ಹೇಳಿದೆ. ಅವರು ಕೇಳಿದ್ದು ಒಂದೇ: ಕೋಣೆ ಕೊಡುವಾಗ ಅಣ್ಣನಿಗೆ ಇದು ಗೊತ್ತಿತ್ತೇ? ಗೊತ್ತಿತ್ತು ಎಂದೆ. ಅಕ್ಕಿ ಆರಿಸಲು ಕೂತರು.

ಅಂದೇ ಅವರು ಚಾಪೆಯನ್ನು ಹಜಾರಕ್ಕೆ ತಂದು ಹಾಸಿಕೊಂಡರಂತೆ. ಅಣ್ಣ ಅದನ್ನು ಕಾಲಿನಿಂದ ತಳ್ಳಿಕೊಂಡು ಹೋಗಿ ಕೋಣೆಗೆ ಹಾಕಿ, ಉಣ್ಣುವ ಮನೆಯಲ್ಲಿ ಹೇಳಿದ ಕಡೆ ಬಿದ್ದಿರಬೇಕು ಎಂದರಂತೆ. ಇದನ್ನೆಲ್ಲ ಸೊಸೆ ಆಮೇಲೆ ನನಗೆ ಗೇಟಿನ ಹೊರಗೆ ನಿಂತು ಹೇಳಿದಳು. ಡಬ್ಬಿಯನ್ನು ನನ್ನ ಕೈಗಿತ್ತು, ಇನ್ನು ಬರಬೇಡಿ ಎಂದು ಮಾವ ಹೇಳಿದ್ದಾರೆ ಎಂದಳು.

ಕೆಲವು ವರ್ಷಗಳ ಮೇಲೆ ತರಕಾರಿ ಅಂಗಡಿಯಲ್ಲಿ ಅದೇ ಸೊಸೆ ಸಿಕ್ಕಳು. ಮಾವನಿಗೆ ಶ್ವಾಸಕೋಶದ ಕ್ಯಾನ್ಸರ್, ಆಸ್ಪತ್ರೆಯವರು ಮನೆಗೆ ಕಳಿಸಿದ್ದಾರೆ ಎಂದಳು. ನೋಡಲು ಹೋದೆ.

ಮಹಡಿ ಹತ್ತಲಾಗದೆ ಯಜಮಾನರು ಹಜಾರದ ಮಂಚದಲ್ಲಿದ್ದರು. ಕಫದ ಬಟ್ಟಲು ಹಿಡಿದು ತಂಗಿ ಪಕ್ಕದಲ್ಲಿದ್ದರು. ಸುತ್ತ ನೆಂಟರಿದ್ದರು. ಮಗ ಅವರಿಗೆಲ್ಲ ಕೇಳುವಂತೆ, "ಆ ರೂಮಿನ ಗಾಳಿ ಅಪ್ಪನ್ನ ತಿಂದಾಕ್ತು. ಅತ್ತೆ ನೋಡಿ, ಅಲ್ಲೇ ಬಿದ್ಕೊಂಡು ಗುಂಡುಕಲ್ಲಿನಂಗವ್ರೆ," ಎಂದ. ಯಾರೋ ನಕ್ಕರು. ಒಬ್ಬರ ಕಾಯಿಲೆ ಅನಿಲದಿಂದ ಬಂತೋ ಸಿಗರೇಟಿನಿಂದ ಬಂತೋ ಹೇಳಲಾಗದು, ನಿಮ್ಮ ಅತ್ತೆಯನ್ನೂ ಡಾಕ್ಟರಿಗೆ ತೋರಿಸಿ ಎಂದೆ. ಅವನು ನನಗೆ ಬಾಗಿಲು ತೋರಿಸಿದ.

ನಾನು ಏಳುವಷ್ಟರಲ್ಲಿ ಯಜಮಾನರು ಕಣ್ಣು ಬಿಟ್ಟು ತಂಗಿಯನ್ನೇ ನೋಡಿದರು. ಉಸಿರು ಎಳೆದೆಳೆದು, "ನನ್ ಬದ್ಲು ನೀನು ಹೋಗ್ಬೇಕಾಗಿತ್ತು ಕಣೇ," ಎಂದರು.

ತಂಗಿ ಸೆರಗಿನಿಂದ ಅವರ ಗಲ್ಲ ಒರೆಸಿದರು. "ಊಂ ಅಣ್ಣ. ಮಾತಾಡ್ಬೇಡ, ಕೆಮ್ಮು ಬತ್ತದೆ."

ಯಜಮಾನರು ತೀರಿಕೊಂಡರು. ಶಿವಗಣಾರಾಧನೆ ಮುಗಿದ ಮೇಲೆ ಮಗ, ಈಕೆಯ ಮುಖ ಕಂಡರೆ ಹೊಟ್ಟೆ ಉರಿಯುತ್ತದೆ ಎಂದು ಅತ್ತೆಯನ್ನು ಇಲವಾಲದ ದೂರದ ನೆಂಟರ ಮನೆಗೆ ಕಳಿಸಿದ. ಆ ಚಳಿಗಾಲದಲ್ಲಿ ನಾನು ವಿಳಾಸ ಕೇಳಿಕೊಂಡು ಅಲ್ಲಿಗೆ ಹೋದೆ. ಮನೆಯಾಕೆ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಮುದುಕಿಗೆ ಕೆಮ್ಮು ಶುರುವಾಗಿತ್ತು, ಯಾರೋ ಬಾಣಂತನದ ಕೆಲಸಕ್ಕೆಂದು ಕೇಳಿಕೊಂಡು ಬಂದರು, ಅವರ ಜೊತೆ ಕಳಿಸಿಬಿಟ್ಟೆವು ಎಂದಳು. ಯಾವ ಊರಿಗೆ ಎಂದು ಕೇಳಿದೆ. ಅದನ್ನು ಕೇಳಿಕೊಳ್ಳಲಿಲ್ಲವೆಂದು ಹೇಳಿ ಮೊರವನ್ನು ಎತ್ತಿಕೊಂಡು ಒಳಗೆ ಹೋದಳು.